ಎರಡು ಸಲ ಸಿಂಗಾರಗೊಂಡ ಸೈಕಲ್ಲು

ಕಳೆದ ದೀಪಾವಳಿಗೆ ನಾನು ಉಮರ್ಗಾಕ್ಕೆ ಹೋಗಿದ್ದೆ. ಬೆಳಿಗ್ಗೆ ಮಂದಿರದಲ್ಲಿ ನಿರ್ವಾಣ ಲಾಡು ಅರ್ಪಿಸಿ ಬಂದು ಎಲ್ಲರೂ ಫರಾಳಕ್ಕೆ ಕುಳಿತಿದ್ದೆವು. ಅಷ್ಟರಲ್ಲಿ ಪಡಸಾಲೆಯಲ್ಲಿ ಒಂದು ವಾದ ಹತ್ತಿಕೊಂಡಿತು. ವಾದ ಆಸ್ತಿಯದಲ್ಲ, ಅಂಗಡಿಯ ಲೆಕ್ಕದ್ದೂ ಅಲ್ಲ. ಒಂದು ಸೈಕಲ್ಲಿನ ಸೀಟಿನದು.

ಒಂದು ಕಡೆ ನಮ್ಮ ಕಾಕು. ವಯಸ್ಸು ಎಂಬತ್ತು ದಾಟಿದೆ, ಧ್ವನಿ ಮಾತ್ರ ಇನ್ನೂ ಅಂಗಡಿಯ ಗಲ್ಲೆಯ ಮೇಲೆ ಕೂತವರ ಧ್ವನಿ. ಇನ್ನೊಂದು ಕಡೆ ಅವರ ಮೊಮ್ಮಗ. ಪುಣೆಯಲ್ಲಿ ಕಂಪ್ಯೂಟರ್ ಕಂಪನಿಯ ನೌಕರಿ. ಹುಡುಗನಿಗೆ ಎರಡು ವರ್ಷದಿಂದ ಹಳೆಯ ಸೈಕಲ್ಲುಗಳ ಹುಚ್ಚು. ತೀರಿಹೋದ ನಮ್ಮ ಕಾಕಾನ 1962ರ ರ‍್ಯಾಲೆ ಸೈಕಲ್ಲನ್ನು ಹಿತ್ತಲ ಕೋಣೆಯಿಂದ ಹೊರತೆಗೆದು, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಮಾಡಿ, ಪುಣೆಯ ಒಂದು ಪ್ರದರ್ಶನದಲ್ಲಿ ನಿಲ್ಲಿಸಬೇಕೆಂಬುದು ಅವನ ಆಸೆ. ಅದಕ್ಕಾಗಿ ತೊಗಲಿನ ಹಳೆಯ ಸೀಟೊಂದನ್ನು ಎಲ್ಲಿಂದಲೋ ತರಿಸಿದ್ದ. ಅದನ್ನು ಕಾಗದದ ಸುರುಳಿಯಿಂದ ಬಿಚ್ಚಿದ್ದೇ ತಡ, ಕಾಕು ಫರಾಳದ ತಾಟು ಸರಿಸಿ ಎದ್ದರು.

"ತಮ್ಮಾ, ಸೈಕಲ್ ತಂದ ದಿನಾನ ಆ ಸೀಟು ತೆಗಿಸಿ ಅಂಗಡ್ಯಾಗ ಬಿಟ್ಟು ಬಂದಾವ್ರು ನಿಮ್ಮ ಅಜ್ಜಾವ್ರು. ಅರವತ್ತ ವರ್ಷದ ಮ್ಯಾಲ ನೀ ಅದನ್ನ ತಿರುಗಿ ಹಾಕ್ತೀಯೇನು?"

"ಅಜ್ಜೀ, ಒರಿಜಿನಲ್ ಅಂದ್ರ ಒರಿಜಿನಲ್ ಇರಬೇಕು. ಇಲ್ಲಾಂದ್ರ ಅಲ್ಲಿ ಯಾರೂ ನೋಡಂಗಿಲ್ಲ."

"ಯಾರೂ ನೋಡದಿದ್ರ ಬ್ಯಾಡ ಬಿಡು. ನಾ ನೋಡ್ತೀನಿ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಚಕ್ಕುಲಿ ಮುರಿಯುತ್ತ ಸುಮ್ಮನೆ ಕುಳಿತೆ. ಆದರೆ ಅಂದಿನಿಂದ ಈ ಸೈಕಲ್ಲಿನ ವಿಚಾರ ತಲೆಯಿಂದ ಹೋಗಿಲ್ಲ. ನಮ್ಮ ವಾಚಕರಲ್ಲಿ ಅನೇಕರ ಮನೆಯ ಹಿತ್ತಲಲ್ಲಿ, ಗೋದಾಮಿನ ಮೂಲೆಯಲ್ಲಿ ಇಂಥದೊಂದು ಸೈಕಲ್ಲು ಗೋಣಿತಟ್ಟಿನ ಕೆಳಗೆ ನಿಂತಿರಲೇಬೇಕು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಸೈಕಲ್ಲಿನ ಜಾತಕ ಹೇಳುತ್ತೇನೆ. ಸೇನ್-ರ‍್ಯಾಲೆ ಎಂಬುದು ಇಂಗ್ಲೆಂಡಿನ ರ‍್ಯಾಲೆ ಕಂಪನಿಯ ಸಹಯೋಗದಿಂದ ಪಶ್ಚಿಮ ಬಂಗಾಳದ ಆಸನ್‌ಸೋಲ್‌ನಲ್ಲಿ ಹುಟ್ಟಿದ ಕಾರ್ಖಾನೆ. ಆ ಕಾಲಕ್ಕೆ ಮದ್ರಾಸಿನ ಟಿಐ ಸೈಕಲ್ಸ್‌ನವರ ಹರ್ಕ್ಯುಲಿಸ್, ಸೋನೆಪತ್‌ನ ಅಟ್ಲಾಸ್, ಲುಧಿಯಾನದ ಹೀರೋ ಮತ್ತು ಏವನ್ ಎಲ್ಲವೂ ಇದ್ದವು. ಆದರೆ ನಮ್ಮ ಕಡೆಯ ಹಿರಿಯರಿಗೆ ರ‍್ಯಾಲೆ ಎಂದರೆ ಕೈಗಡಿಯಾರಗಳಲ್ಲಿ ಸ್ವಿಸ್ ಇದ್ದಂತೆ. ಕಾಕಾ ಅದನ್ನು ಸೋಲಾಪುರದಿಂದ ತಂದರು. ಎತ್ತರದ ಚೌಕಟ್ಟು, 28 ಅಂಗುಲದ ಗಾಲಿ, ತಂತಿಯ ಬದಲು ಸರಳಿನಿಂದ ಎಳೆಯುವ ಬ್ರೇಕು, ಕಪ್ಪು ಬಣ್ಣದ ಮೇಲೆ ಬಂಗಾರದ ಗೆರೆ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಭಾರವೆಲ್ಲ ಹಿಂದೆ ಬೀಳುತ್ತದಲ್ಲ, ಅದಕ್ಕೆ ಈ ವ್ಯತ್ಯಾಸ. ಇಂದಿಗೂ ನಮ್ಮ ದೇಶದ ಸಾದಾ ಕಪ್ಪು ಸೈಕಲ್ಲುಗಳು ಹೆಚ್ಚುಕಡಿಮೆ ಇದೇ ಅಳತೆಯಲ್ಲಿ ತಯಾರಾಗುತ್ತವೆ.

ಕಾಕಾನದು ಆಗ ಬಟ್ಟೆಯ ವ್ಯಾಪಾರ. ಅಂಗಡಿ ಎಂದರೆ ಬಾಡಿಗೆಯ ಒಂದು ಖಣದ ಜಾಗ. ನಿಜವಾದ ಗಿರಾಕಿ ಇದ್ದದ್ದು ಸುತ್ತಿನ ಹಳ್ಳಿಗಳ ವಾರದ ಸಂತೆಗಳಲ್ಲಿ. ಎತ್ತಿನ ಗಾಡಿ ಹೂಡಿದರೆ ಇಡೀ ದಿನ ದಾರಿಯಲ್ಲೇ ಹೋಗುತ್ತಿತ್ತು. ಅದೂ ಅಲ್ಲದೆ ಬಿಸಿಲಲ್ಲಿ ಎತ್ತುಗಳಿಗೆ ಬಾರುಕೋಲು ಬೀಸುವುದು ನಮ್ಮ ಅಜ್ಜನಿಗೆ ಸೇರುತ್ತಿರಲಿಲ್ಲ. "ನಿನ್ನ ವ್ಯಾಪಾರಕ್ಕ ನಿನ್ನ ಕಾಲು ನೋಯಲಿ" ಎಂದು ಅವರೇ ಸೈಕಲ್ಲಿಗೆ ಒಪ್ಪಿಗೆ ಕೊಟ್ಟಿದ್ದರಂತೆ.

ಹೀಗೆ ಬಂದ ಸೈಕಲ್ಲು ಒಂದು ವಾರವೂ ಕಂಪನಿಯ ಸೈಕಲ್ಲಾಗಿ ಉಳಿಯಲಿಲ್ಲ. ಹುಡುಗನಿಗೆ ನಾನು ಹೇಳಬೇಕಾಗಿದ್ದ ಮಾತು ಇದೇ.

ಸೋಲಾಪುರದ ಅಂಗಡಿಯಲ್ಲೇ ತೊಗಲಿನ ಸೀಟು ಇಳಿಯಿತು, ರೆಕ್ಸಿನ್ ಸೀಟು ಏರಿತು. ಉಮರ್ಗಾಕ್ಕೆ ಬಂದ ಮೇಲೆ ಕಂಪನಿಯ ಕ್ಯಾರಿಯರ್ ಹೋಯಿತು. ಬಟ್ಟೆಯ ಗಂಟು ಕೂರಲು ಅದು ಸಾಲದು. ಲೋಹಾರನ ಹತ್ತಿರ ಅಗಲವಾದ ಕಬ್ಬಿಣದ ಕ್ಯಾರಿಯರ್ ಬಡಿಸಿ, ಅದರ ಎರಡು ಕಾಲುಗಳನ್ನು ಹಿಂದಿನ ಅಚ್ಚಿಗೆ ಬಿಗಿಸಿದರು. ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದದ್ದನ್ನು ತೆಗೆದು 22 ಹಲ್ಲಿನದು ಹಾಕಿಸಿದರು. ಇದರ ಲೆಕ್ಕ ಸರಳ. ಮುಂದಿನ ಚಕ್ರಕ್ಕೆ 44 ಹಲ್ಲು. ಹಿಂದೆ 18 ಇದ್ದಾಗ ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಹೋಗುತ್ತದೆ. 22 ಇದ್ದರೆ ನಾಲ್ಕೂವರೆ ಮೀಟರ್. ವೇಗ ಕಡಿಮೆಯಾಗುತ್ತದೆ, ಆದರೆ ಗಂಟು ಹೇರಿಕೊಂಡು ಏರು ಹತ್ತುವಾಗ ತೊಡೆ ಒಡೆಯುವುದಿಲ್ಲ. ಕಾಕಾನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಈ ಗಣಿತ ಮಾತ್ರ ಮೊಳ ಹಾಕುವಷ್ಟೇ ಸಲೀಸು.

ಮುಂದಿನ ಹ್ಯಾಂಡಲ್ಲಿಗೆ ಎರಡು ಬಳೆಗಳನ್ನು ಬೆಸೆಸಿದ್ದರು. ಒಂದು ಊಟದ ಡಬ್ಬಿಗೆ. ಇನ್ನೊಂದು ಹಿತ್ತಾಳೆಯ ತಂಬಿಗೆಗೆ. ಅದರ ಕೊರಳಿಗೆ ಗಾಳಿಸುವ ಅರಿವೆ ಸುತ್ತಿರುತ್ತಿತ್ತು. ಹಳ್ಳಿಯ ಬಾವಿಯಲ್ಲಿ ನೀರು ಸೇದಿ, ಗಾಳಿಸಿ ಕುಡಿಯುವುದು. ಹೊತ್ತು ಮುಳುಗುವ ಮುನ್ನ ಯಾವುದಾದರೂ ಹೊಲದ ಬದುವಿನ ಮೇಲೆ ಕೂತು ಡಬ್ಬಿ ಬಿಚ್ಚುವುದು. ಊಟ ಮುಗಿದ ಮೇಲೆ ಕತ್ತಲಾದರೂ ಚಿಂತೆಯಿಲ್ಲ, ನಿಧಾನ ಊರು ಸೇರಬಹುದು. ಡೈನಮೋ ಬಂದದ್ದು ಅದಕ್ಕಾಗಿ. ಟಯರಿಗೆ ತಿಕ್ಕಿ ತಿರುಗುವ 6 ವೋಲ್ಟಿನ ಆ ಪುಟ್ಟ ಸೀಸೆ ಕಾಲಿಗೆ ಭಾರ ಕೊಡುತ್ತದೆ ಎಂಬುದು ನಿಜ. ಸೈಕಲ್ಲು ನಿಂತರೆ ದೀಪವೂ ನಿಲ್ಲುತ್ತದೆ. ಕಾಕಾನ ಬೆಳಕು ದೂರದ ತಿರುವಿನಲ್ಲಿ ಕಂಡರೆ ಕಾಕು ಒಲೆಯ ಮೇಲೆ ಕಾಲಿಗೆ ಹಾಕಲು ಬಿಸಿನೀರು ಇಡುತ್ತಿದ್ದರಂತೆ.

ಇನ್ನು ನಮ್ಮ ಎರೆ ನೆಲದ ಮಾತು. ಉಮರ್ಗಾ, ನಿಲಂಗಾ, ಉದಗೀರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೂರದ ವಾಚಕರಿಗೆ ಹೇಳುತ್ತೇನೆ. ಮಳೆ ಬಿದ್ದ ಎರೆಮಣ್ಣು ಗಾಲಿಗೆ ಅಂಟಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಕಲ್ಲಾಗುತ್ತದೆ. ಹತ್ತು ಹೆಜ್ಜೆಗೆ ಗಾಲಿ ನಿಲ್ಲುತ್ತದೆ. ಆಮೇಲೆ ಸೈಕಲ್ಲು ಮನುಷ್ಯನನ್ನು ಹೊರುವುದಿಲ್ಲ, ಮನುಷ್ಯನೇ ಅದನ್ನು ಹೆಗಲ ಮೇಲೆ ಹೊರಬೇಕು. ಅದಕ್ಕಾಗಿ ಆಷಾಢ ಬಂದರೆ ಜನ ಮಡ್‌ಗಾರ್ಡ್ ಬಿಚ್ಚಿಡುತ್ತಿದ್ದರು. ಬೇಸಿಗೆಯಲ್ಲಿ ಜಾಲಿಯ ಮುಳ್ಳಿನ ಕಾಟ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟಯರಿನೊಳಗೆ ಅಸ್ತರಿನಂತೆ ಹಾಸುತ್ತಿದ್ದರು. ಕಾಕಾ ಚಾತುರ್ಮಾಸದಲ್ಲಿ ಸಂತೆ ತಿರುಗುವುದನ್ನು ಬಹಳ ಮಟ್ಟಿಗೆ ಬಿಡುತ್ತಿದ್ದರು. ವ್ರತಕ್ಕೆ ಹೆದರಿಯೋ ಎರೆಮಣ್ಣಿಗೆ ಹೆದರಿಯೋ ಎಂದು ನಾವು ಹುಡುಗರು ನಗುತ್ತಿದ್ದೆವು. ಆ ನಾಲ್ಕು ತಿಂಗಳೇ ಸೈಕಲ್ಲಿನ ಸಿಂಗಾರದ ಕಾಲ.

ಏಕೆಂದರೆ ಇಲ್ಲಿಯವರೆಗೆ ಹೇಳಿದ್ದು ಕೆಲಸದ ಮಾತು. ಶೋಕಿ ಬೇರೆ ಇತ್ತು.

ಗಾಲಿಯ ಕಡ್ಡಿಗಳಿಗೆ ಬಣ್ಣದ ಮಣಿ; ಸೈಕಲ್ಲು ನಿಧಾನವಾದಾಗ ಅವು ಟಣಟಣ ಜಾರುತ್ತವೆ. ಗಾಲಿಯ ನಡುವಿನ ಹಬ್ಬಿಗೆ ಬಣ್ಣದ ಬುರುಸಿನ ಉಂಗುರ; ಅದು ತಿರುಗುತ್ತಲೇ ಧೂಳು ಒರೆಸುತ್ತದೆ. ಚೌಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿಯ ಸುತ್ತು. ಹ್ಯಾಂಡಲ್ಲಿನ ಎರಡೂ ತುದಿಗೆ ಗೊಂಡೆ. ಈ ಗೊಂಡೆಗಳನ್ನು ನೋಡಿ ನಮ್ಮ ಅಜ್ಜ, "ಇದು ಸೈಕಲ್ಲೋ, ಪೋಳಾದ ಎತ್ತೋ?" ಎಂದು ಕೇಳಿದ್ದರು. ಅವರ ಮಾತು ಸುಳ್ಳಲ್ಲ. ಪೋಳಾ ಹಬ್ಬಕ್ಕೆ, ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಗೊಂಡೆ, ಕೊರಳಿಗೆ ಗೆಜ್ಜೆ, ಮೈಮೇಲೆ ಜೂಲ ಹಾಕಿ ಓಡಾಡಿಸಿದ ಕೈಗಳೇ ಸೈಕಲ್ಲನ್ನೂ ಸಿಂಗರಿಸಿದವು. ಎರಡಕ್ಕೂ ಸಾಮಾನು ಒಂದೇ ಅಂಗಡಿಯಲ್ಲಿ ಸಿಗುತ್ತಿತ್ತು.

ಅಜ್ಜನಿಗೆ ಆಡಂಬರ ಎಂದರೆ ಆಗದು. "ಮದ ಎಂಟು ತರಹ ಇರ್ತದ, ನೀ ಒಂಬತ್ತನೇದು ಹುಡುಕಿದಿ" ಎಂದರಂತೆ. ಅದಕ್ಕೆ ಕಾಕಾ ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಇನ್ನೂ ಓಡಾಡುತ್ತಿದೆ: "ಅಪ್ಪಾ, ಅಂಗಡಿಗೆ ಬೋರ್ಡು ಬೇಕಲ್ಲ? ನನ್ನ ಅಂಗಡಿ ಹಳ್ಳಿ ಹಳ್ಳಿ ತಿರಗ್ತದ. ಬೋರ್ಡೂ ತಿರಗಬೇಕು."

ಬೋರ್ಡು ಎಂಬುದು ಬರೀ ಮಾತಾಗಿರಲಿಲ್ಲ. ಉದಗೀರದಲ್ಲಿ ಕೋಟೆಯ ಕಡೆ ಒಬ್ಬ ಪೇಂಟರ್ ಚಾಚಾ ಇದ್ದರು. ಲಾರಿಯ ಹಿಂಬದಿ, ಅಂಗಡಿಯ ಫಲಕ, ಸೈಕಲ್ಲಿನ ಹೆಸರು ಎಲ್ಲವನ್ನೂ ಬರೆಯುವವರು. ಅವರು ನಮ್ಮ ಸೈಕಲ್ಲಿನ ಚೈನ್‌ಕವರಿನ ಮೇಲೆ ಅಂಗಡಿಯ ಹೆಸರನ್ನು ಮರಾಠಿಯಲ್ಲಿ ಬರೆದರು, ಮುಂದಿನ ಮಡ್‌ಗಾರ್ಡಿನ ಮೇಲೆ 'ಜೈ ಜಿನೇಂದ್ರ' ಎಂದು ಕನ್ನಡದಲ್ಲಿ, ಹಿಂದಿನ ಮಡ್‌ಫ್ಲ್ಯಾಪಿನ ಮೇಲೆ ಮತ್ತೆ ಅಂಗಡಿಯ ಹೆಸರನ್ನು ಉರ್ದುವಿನಲ್ಲಿ. ಒಂದು ಸೈಕಲ್ಲಿಗೆ ಮೂರು ಲಿಪಿ ಯಾಕೆ ಎಂದು ಇಂದಿನ ಹುಡುಗರು ಕೇಳುತ್ತಾರೆ. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಉಸ್ಮಾನಾಬಾದಿನಲ್ಲಿ. ಎಲ್ಲವೂ ಹೈದರಾಬಾದ್ ಸಂಸ್ಥಾನ. ಆ ವರ್ಷ ನವೆಂಬರ್ 1ರಂದು ರಾಜ್ಯಗಳು ಬೇರೆಯಾದಾಗ ಬೀದರ ಮೈಸೂರಿಗೆ, ಈ ಮೂರು ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಗಡಿ ಸರಿದರೂ ಗಿರಾಕಿ ಸರಿಯಲಿಲ್ಲ. ನಿಜಾಮನ ಕಾಲದ ಶಾಲೆಯಲ್ಲಿ ಕಲಿತ ಪಟೇಲರು ಉರ್ದು ಓದುತ್ತಿದ್ದರು, ಅವರ ಮಕ್ಕಳು ಮರಾಠಿ, ಮನೆಯ ಹೆಂಗಸರು ಆಡುತ್ತಿದ್ದುದು ಕನ್ನಡ. ಉದ್ರಿ ಬರೆಯುವ ವ್ಯಾಪಾರಿಗೆ ಮೂರೂ ಬೇಕು.

ಸಂತೆಯಲ್ಲಿ ಬೇವಿನ ಮರದ ಕೆಳಗೆ ಇಂಥ ಸೈಕಲ್ಲುಗಳ ಸಾಲು ನಿಲ್ಲುತ್ತಿತ್ತು. ಬಳೆಗಾರನ ಸೈಕಲ್ಲಿಗೆ ಬಿದಿರಿನ ಅಡ್ಡಗೋಲು. ಭಾಂಡೆಯವನ ಸೈಕಲ್ಲು ಸುತ್ತಲೂ ಕೊಡ ತೂಗುಬಿಟ್ಟು ಬಂದರೆ ಗಾಲಿಯೇ ಕಾಣುತ್ತಿರಲಿಲ್ಲ. ಎಲ್ಲಕ್ಕಿಂತ ನನಗೆ ಸೋಜಿಗ ಸಾಣೆ ಹಿಡಿಯುವವನದು. ಅವನು ಬಂದವನೇ ಸೈಕಲ್ಲನ್ನು ಎತ್ತರದ ಸ್ಟ್ಯಾಂಡಿನ ಮೇಲೆ ಏರಿಸಿ, ಸೀಟಿನ ಮೇಲೆ ಕೂತು ಪೆಡಲು ತುಳಿಯುತ್ತಿದ್ದ. ಹಿಂದಿನ ಗಾಲಿ ಗಾಳಿಯಲ್ಲಿ ತಿರುಗಿ, ಒಂದು ಪಟ್ಟಿಯ ಮೂಲಕ ಹ್ಯಾಂಡಲ್ಲಿನ ಹತ್ತಿರದ ಸಾಣೆಕಲ್ಲನ್ನು ತಿರುಗಿಸುತ್ತಿತ್ತು. ಬಂದ ಸೈಕಲ್ಲೇ ಕಾರ್ಖಾನೆ. ಇದನ್ನು ಯಾವ ಕಂಪನಿಯೂ ಮಾಡಿ ಕೊಟ್ಟದ್ದಲ್ಲ.

ಮೈದಾನದ ಸೈಕಲ್ಲಿನವರನ್ನು ಮರೆಯುವಂತಿಲ್ಲ. ನಮ್ಮ ಬಾಲ್ಯದಲ್ಲಿ ಊರಿಗೆ ಒಬ್ಬ ಸಾಹಸಿ ಬರುತ್ತಿದ್ದ. ಐದು ದಿನವೋ ಏಳು ದಿನವೋ ಸೈಕಲ್ಲಿನಿಂದ ಇಳಿಯದೆ ಒಂದೇ ವೃತ್ತದಲ್ಲಿ ತಿರುಗುತ್ತಿದ್ದ. ಅದರ ಮೇಲೆಯೇ ಸ್ನಾನ, ಊಟ, ಕ್ಷೌರ. ಧ್ವನಿವರ್ಧಕದಲ್ಲಿ ಸಿನೆಮಾ ಹಾಡು. ಜನ ಅವನ ಅಂಗಿಗೆ ನೋಟು ಚುಚ್ಚುತ್ತಿದ್ದರು. ಅವನ ಸೈಕಲ್ಲಿನ ಗುಟ್ಟು ನಮಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಅದಕ್ಕೆ ಫ್ರೀವೀಲ್ ಇರುತ್ತಿರಲಿಲ್ಲ. ಹಿಂದಿನ ಹಲ್ಲುಚಕ್ರವನ್ನು ಗಾಲಿಗೇ ಬಿಗಿಸಿರುತ್ತಿದ್ದರು. ಪೆಡಲು ಹಿಂದಕ್ಕೆ ತುಳಿದರೆ ಸೈಕಲ್ಲೂ ಹಿಂದಕ್ಕೆ ಬರುತ್ತದೆ, ನಿಂತಲ್ಲೇ ತೂಗಬಹುದು. ಇದು ತಿಳಿಯದೆ ನಾವು ಗಂಟೆಗೆ ನಾಲ್ಕಾಣೆಯ ಬಾಡಿಗೆ ಸೈಕಲ್ಲು ತಂದು, ಬಾರಿನ ಕೆಳಗೆ ಕಾಲು ತೂರಿಸಿ, ಅವನಂತೆ ತಿರುಗಲು ಹೋಗಿ ಮೊಣಕಾಲು ಒಡೆದುಕೊಂಡೆವು.

ಬೆಳಗಾವಿಯ ಸೈಕಲ್ ಅಂಗಡಿ

ಸೈಕಲ್ಲನ್ನು ಬಿಚ್ಚಿ ಜೋಡಿಸುವ ಹುಚ್ಚು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ನಮ್ಮ ಕನ್ನಡ ನಾಡಿನಲ್ಲೇ ದೊಡ್ಡ ಉದಾಹರಣೆಯಿದೆ. ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಶಿಕ್ಷಕರಾಗಿದ್ದಾಗ ಅವರಿಗೆ ಸೈಕಲ್ಲಿನ ಗೀಳು ಹತ್ತಿತು. ಮುಂಬಯಿಯಿಂದ ಸೈಕಲ್ಲು ತರಿಸಿ ಬೆಳಗಾವಿಯಲ್ಲಿ ಅಣ್ಣನ ಜೊತೆ ಮಾರಾಟ, ದುರಸ್ತಿ ಆರಂಭವಾಯಿತು. ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆ ತನ್ನ ಹುಟ್ಟನ್ನು 1888 ಎಂದು ಎಣಿಸುತ್ತದೆ. ಸ್ಕಾಟ್ಲೆಂಡಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬುವ ಟಯರು ಮಾಡಿ ಪೇಟೆಂಟ್ ಪಡೆದದ್ದೂ ಅದೇ 1888ರಲ್ಲಿ. ಅಂದರೆ ಸೈಕಲ್ಲು ಜಗತ್ತಿಗೇ ಹೊಸದಾಗಿದ್ದಾಗ ಬೆಳಗಾವಿಯ ಅಂಗಡಿ ತೆರೆದಿತ್ತು.

ಆಗ ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿ ಎಂದು ಹೇಳುತ್ತಾರೆ. ಸವಾರಿ ಕಲಿಸಲು ಬೇರೆ 15 ರೂಪಾಯಿ. ವ್ಯಾಪಾರಿ ಮನೆತನದವರು ಈ 15 ರೂಪಾಯಿಯನ್ನು ಗಮನಿಸಬೇಕು. ಏರಲು ಬಾರದ ವಸ್ತುವನ್ನು ಯಾರೂ ಕೊಳ್ಳುವುದಿಲ್ಲ. ಮೊದಲು ಏರುವುದನ್ನು ಕಲಿಸಬೇಕು, ಅದಕ್ಕೂ ಬಿಲ್ಲು ಹಾಕಬಹುದು! ದುರಸ್ತಿಯ ಕೈ ಪಳಗಿದ ಮೇಲೆ ಅವರು ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ ಇಳಿದರು. 1910ರಲ್ಲಿ ಔಂಧ್ ಸಂಸ್ಥಾನದ ಬಯಲಿನಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆ ಇದೆ.

ಎಲ್ಲರೂ ಕಿರ್ಲೋಸ್ಕರರಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಸೈಕಲ್ಲನ್ನು ಬಳಸುವವನೇ ಅದನ್ನು ಬದಲಿಸುತ್ತಾನೆ, ಕಂಪನಿ ಆಮೇಲೆ ಹಿಂದೆ ಬರುತ್ತದೆ. ಇದು ನಮ್ಮ ಕಡೆಯ ಮಾತಷ್ಟೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಡುಗರು ಚಿಕ್ಕ ಗಾಲಿಯ ಸೈಕಲ್ಲಿಗೆ ಎತ್ತರದ ಹ್ಯಾಂಡಲ್ಲು, ಬಾಳೆಹಣ್ಣಿನಾಕಾರದ ಉದ್ದ ಸೀಟು ಹಾಕಿಕೊಂಡು ತಿರುಗುತ್ತಿದ್ದರು. ಷಿಕಾಗೋದ ಶ್ವಿನ್ ಕಂಪನಿಯ ಆಲ್ ಫ್ರಿಟ್ಜ್ ಇದನ್ನು ಕೇಳಿ 1963ರಲ್ಲಿ ಅಂಥದನ್ನೇ 'ಸ್ಟಿಂಗ್ ರೇ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು; ಭರ್ಜರಿ ಮಾರಾಟವಾಯಿತು. ಢಾಕಾದ ಸೈಕಲ್ ರಿಕ್ಷಾಗಳ ಚಿತ್ರಕಲೆಯನ್ನಂತೂ 2023ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೇ ಸೇರಿಸಿತು. ನಮ್ಮ ಉದಗೀರದ ಪೇಂಟರ್ ಚಾಚಾನ ಬ್ರಷ್ಷು ಅದೇ ವಂಶದ್ದು ಎಂದು ನನ್ನ ಎಣಿಕೆ.

ಮತ್ತೆ ನಮ್ಮ ಸೈಕಲ್ಲಿಗೆ ಬರೋಣ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇದ್ದಾಗ ಭೂಮಿ ನಡುಗಿದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಕಿಲ್ಲಾರಿ, ಸಾಸ್ತೂರಿನಂಥ ಊರುಗಳಲ್ಲಿ ಮಣ್ಣು ಕಲ್ಲಿನ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸಾವಿರಾರು ಜನ ಹೋದರು. ನಮ್ಮ ಮನೆಯಲ್ಲಿ ಜೀವಕ್ಕೆ ಏನೂ ಆಗಲಿಲ್ಲ, ಹಿತ್ತಲ ಗೋಡೆ ಮಾತ್ರ ಬಿತ್ತು. ಅದರ ಕೆಳಗೆ ಸೈಕಲ್ಲು ಇತ್ತು. ಮುಂದಿನ ರಿಮ್ಮು ಸುಟ್ಟ ಹಪ್ಪಳದಂತೆ ತಿರುಚಿತ್ತು. ಆ ದಿನಗಳಲ್ಲಿ ಅದನ್ನು ನೋಡಲು ಯಾರಿಗೆ ಮನಸ್ಸಿತ್ತು? ಗೋಡೆ ಕಟ್ಟಿದ ಮೇಲೆ ಕಾಕಾ ಅದನ್ನು ಒಳಗೆ ಒರಗಿಸಿಟ್ಟರು. ಮತ್ತೆ ಏರಲಿಲ್ಲ. ಅಷ್ಟೊತ್ತಿಗೆ ಅಂಗಡಿಗೆ ಗಾಜಿನ ಬಾಗಿಲು ಬಂದಿತ್ತು, ಗಿರಾಕಿ ತಾನೇ ಬರುತ್ತಿದ್ದ.

ಹುಡುಗನ ಹುಚ್ಚಿನ ಮೂಲ ಪುಣೆಯ ಕರ್ವೆನಗರದಲ್ಲಿದೆ. ಅಲ್ಲಿ ವಿಕ್ರಮ್ ಪೆಂಡ್ಸೆ ಎಂಬ ಸಂಗ್ರಾಹಕರು ತಮ್ಮ ಹಳೆಯ ಸೈಕಲ್ಲುಗಳಿಗಾಗಿ 2017ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನೇ ತೆರೆದಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಸೈನಿಕರಿಗಾಗಿ ಬಿಎಸ್‌ಎ ಕಂಪನಿ ಮಾಡಿದ, ಎರಡಾಗಿ ಮಡಚುವ ಸೈಕಲ್ಲೂ ಅಲ್ಲಿದೆ. ಒಂದು ಕಾಲಕ್ಕೆ ಪುಣೆಯನ್ನು ಸೈಕಲ್ಲುಗಳ ನಗರ ಎನ್ನುತ್ತಿದ್ದರು. ಅಲ್ಲಿಯವರಿಗೆ ಇದರ ಮೇಲೆ ಮಮತೆ ಹೆಚ್ಚು. ಆ ಸಾಲು ಸಾಲು ಥಳಥಳಿಸುವ ಸೈಕಲ್ಲುಗಳನ್ನು ನೋಡಿದ ಹುಡುಗನಿಗೆ ಊರಿನ ಹಿತ್ತಲ ಕೋಣೆ ನೆನಪಾಯಿತು. ಒಳ್ಳೆಯದೇ ಆಯಿತು.

ಅವನ ಪಟ್ಟಿಯನ್ನು ನೋಡಿದಾಗ ಮಾತ್ರ ನನಗೂ ಕಾಕುವಿನ ಹಾಗೇ ಹೊಟ್ಟೆ ಚುರುಕ್ ಎಂದಿತು. ಬೆಸೆದ ಬಳೆ ಎರಡು, ಕತ್ತರಿಸಬೇಕು. ಲೋಹಾರನ ಕ್ಯಾರಿಯರ್, ತೆಗೆಯಬೇಕು. ಮೂರು ಲಿಪಿಯ ಬರಹ, ಕೆರೆದು ಕಪ್ಪು ಬಣ್ಣ ಹೊಡೆಯಬೇಕು. ರೆಕ್ಸಿನ್ ಸೀಟು, ಎಸೆಯಬೇಕು. ಇಷ್ಟೆಲ್ಲ ಆದ ಮೇಲೆ ಉಳಿಯುವುದು ಆಸನ್‌ಸೋಲ್‌ನ ಸೈಕಲ್ಲು. ನಮ್ಮ ಮನೆಯದಲ್ಲ.

ಬೆಲೆಯ ಮಾತೂ ಇದೆ. ಕಂಪನಿಯ ರೂಪದಲ್ಲಿದ್ದರೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ ಎಂಬುದು ನಿಜ. ಹುಡುಗನ ವಾದ ಪೂರ್ತಿ ತಪ್ಪಲ್ಲ. ಅವನೂ ಅಜ್ಜನ ಗೌರವಕ್ಕಾಗಿಯೇ ಹೊರಟವನು. ನಾನು ಮಧ್ಯಸ್ಥಿಕೆ ವಹಿಸಲು ಹೋಗಲಿಲ್ಲ. ಕಾಕು ಮಾಡಿದ್ದೇ ಬೇರೆ. ಒಳಗೆ ಹೋಗಿ ಸಂದೂಕದಿಂದ ಕೆಂಪು ಬಟ್ಟೆಯ ಕಟ್ಟಿನ ಒಂದು ಹಳೆಯ ಬಹಿಯನ್ನು ತಂದು ಮೊಮ್ಮಗನ ಮುಂದೆ ಇಟ್ಟರು. "ಓದು" ಎಂದರು.

ಕಾಕಾ ಸೈಕಲ್ಲಿಗೆ ಬೇರೆ ಖಾತೆಯನ್ನೇ ಇಟ್ಟಿದ್ದರು! ಮೊದಲ ಸಾಲು: ಸೈಕಲ್ ಖರೀದಿ, 215 ರೂಪಾಯಿ. ಎರಡನೆಯದು: ತೊಗಲಿನ ಸೀಟು ವಾಪಸು, ಜಮಾ 9 ರೂಪಾಯಿ. ಮೂರನೆಯದು: ರೆಕ್ಸಿನ್ ಸೀಟು, ನಾವೆ 6 ರೂಪಾಯಿ. ಅಂದರೆ ಧರ್ಮ ಪಾಲಿಸಿ ಮೂರು ರೂಪಾಯಿ ಉಳಿಸಿದ್ದರು. ಹುಡುಗ ನಕ್ಕ; ಕಾಕೂ ನಕ್ಕರು. ಅಲ್ಲಿಂದ ಮುಂದೆ ಕ್ಯಾರಿಯರ್, ಬಳೆ, ಫ್ರೀವೀಲ್, ಡೈನಮೋ, ಪಂಕ್ಚರಿನ ಒಂದೊಂದು ಆಣೆ, ಪುರಸಭೆಯ ಸೈಕಲ್ ತೆರಿಗೆಯ ಬಿಲ್ಲೆ ಎಲ್ಲವೂ ಅಂಗಡಿಯ ಖರ್ಚಿನಲ್ಲಿ.

ಆದರೆ ಮಣಿ, ಬುರುಸು, ಗೊಂಡೆ, ಪೇಂಟರಿನ ಮಜೂರಿ ಅಲ್ಲಿರಲಿಲ್ಲ. ಅವು ಹಿಂದಿನ ಪುಟದಲ್ಲಿ, 'ಸ್ವಂತ ಖರ್ಚು' ಎಂಬ ತಲೆಬರಹದ ಕೆಳಗೆ ಇದ್ದವು. ತಂದೆಯ ಮುಂದೆ ಬೋರ್ಡು ಎಂದು ವಾದಿಸಿದ ಮನುಷ್ಯ ಬಹಿಯಲ್ಲಿ ಅದನ್ನು ಅಂಗಡಿಯ ಲೆಕ್ಕಕ್ಕೆ ಹಾಕಿರಲಿಲ್ಲ. ಶೋಕಿ ಶೋಕಿಯೇ ಎಂದು ತನ್ನ ಕಿಸೆಯಿಂದ ಕೊಟ್ಟಿದ್ದರು. ಇದನ್ನು ಅಜ್ಜ ನೋಡಿದ್ದರೋ ಇಲ್ಲವೋ! ಕಾಕು ಕಣ್ಣು ಒರೆಸಿಕೊಂಡು ಅಡಿಗೆಮನೆಗೆ ಹೋದರು.

ಆಮೇಲೆ ಕೆಲಸ ಬೇರೆ ರೀತಿಯಲ್ಲಿ ಸಾಗಿತು. ಮನೆಯ ಹಳೆಯ ಸೈಕಲ್ಲನ್ನು ಸುಧಾರಿಸಬೇಕೆನ್ನುವವರಿಗೆ ಉಪಯೋಗವಾಗಲೆಂದು ಅದನ್ನು ಸ್ವಲ್ಪ ಬರೆಯುತ್ತೇನೆ. ಬಿಚ್ಚುವ ಮುನ್ನ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಯಾವ ನಟ್ಟು ಎಲ್ಲಿಯದು ಎಂಬುದು ಎರಡೇ ದಿನಕ್ಕೆ ಮರೆಯುತ್ತದೆ. ಚೌಕಟ್ಟಿನ ನಂಬರನ್ನು ಸೀಟಿನ ಕೆಳಗಿನ ಕೂಡುವಲ್ಲಿ ಅಥವಾ ಪೆಡಲಿನ ಕೆಳಗೆ ಹುಡುಕಿ ಬರೆದಿಡಿ. ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಸುತ್ತಿಗೆ ಎತ್ತಬೇಡಿ. ಹೊಳಪಿನ ಭಾಗಗಳ ತುಕ್ಕಿಗೆ ಹುಣಸೆಹಣ್ಣು ಸಾಕು. ಹಳೆಯ ಬರಹ, ಬಂಗಾರದ ಗೆರೆ ಇದ್ದಲ್ಲಿ ಉಸುಕುಕಾಗದ ಮುಟ್ಟಿಸಲೇಬೇಡಿ. ಮೆತ್ತನೆಯ ಬಟ್ಟೆಗೆ ತುಸು ಕೊಬ್ಬರಿಎಣ್ಣೆ ಹಚ್ಚಿ ಒರೆಸಿದರೆ ಅರ್ಧ ಅಳಿಸಿದ ಅಕ್ಷರವೂ ಮೇಲೆ ಬರುತ್ತದೆ. ರಿಮ್ಮು, ಟಯರು, ಬ್ರೇಕಿನ ಸರಳು ಇಂದಿಗೂ ಸಿಗುತ್ತವೆ. ನಿಲಂಗಾದ ಒಂದು ಹಳೆಯ ಅಂಗಡಿಯ ಮಾಳಿಗೆಯಲ್ಲಿ ಹುಡುಗನಿಗೆ ಆ ಕಾಲದ್ದೇ ಹೊಸ ರಿಮ್ಮು ಸಿಕ್ಕಿತು, ಗ್ರೀಸ್ ಕಾಗದದಲ್ಲಿ ಸುತ್ತಿದ್ದು.

ಸೀಟಿನ ತೊಡಕು ಕೊನೆಯವರೆಗೂ ಉಳಿಯಿತು. ಹಳೆಯ ರೆಕ್ಸಿನ್ ಪುಡಿಪುಡಿಯಾಗಿತ್ತು. 1866ರಲ್ಲಿ ಆರಂಭವಾಗಿ ತೊಗಲಿನ ಸೀಟಿಗೆ ಜಗತ್ಪ್ರಸಿದ್ಧವಾದ ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯೇ ಈಗ ರಬ್ಬರು ಮತ್ತು ಹತ್ತಿಬಟ್ಟೆಯಿಂದ, ತೊಗಲಿಲ್ಲದ ಸೀಟು ಮಾಡುತ್ತಿದೆ ಎಂದು ಹುಡುಗ ತನ್ನ ಫೋನಿನಲ್ಲಿ ತೋರಿಸಿದ. ಕಾಕು ಸಂತೋಷಪಟ್ಟರು. ಬೆಲೆ ಕೇಳಿದರು. ಕೇಳಿ, "ಅಷ್ಟರಾಗ ಇನ್ನೊಂದು ಸೈಕಲ್ಲ ಬರ್ತದ" ಎಂದು ಕೈಬಿಟ್ಟರು. ಕೊನೆಗೆ ಉದಗೀರದಲ್ಲಿ ಮೋಟಾರ್‌ಸೈಕಲ್ ಸೀಟು ಹೊಲಿಯುವವನೊಬ್ಬ ದಪ್ಪ ಕ್ಯಾನ್ವಾಸಿನಲ್ಲಿ ಹಳೆಯ ಆಕಾರಕ್ಕೇ ಹೊಲಿದು ಕೊಟ್ಟ. ಪೇಂಟರ್ ಚಾಚಾ ಈಗಿಲ್ಲ. ಅವರ ಅಕ್ಷರಗಳ ಮೇಲೆ ಹೊಸ ಬಣ್ಣ ಹಚ್ಚಲು ಯಾರಿಗೂ ಧೈರ್ಯವಾಗಲಿಲ್ಲ. ಮಸುಕಾಗಿದ್ದನ್ನು ಹಾಗೆಯೇ ಬಿಟ್ಟರು.

ಫೆಬ್ರುವರಿಯಲ್ಲಿ ಸೈಕಲ್ಲು ಲಾರಿ ಏರಿ ಪುಣೆಗೆ ಹೋಯಿತು. ಬಹುಮಾನ ಬರಲಿಲ್ಲ. ಸೀಟು, ಕ್ಯಾರಿಯರ್ ಎರಡೂ ಮೂಲದವಲ್ಲ ಎಂದು ಪರೀಕ್ಷಕರು ಬರೆದರಂತೆ. ಆದರೆ ಎರಡು ದಿನವೂ ಜನ ಅದರ ಮುಂದೆ ನಿಂತು, ಹ್ಯಾಂಡಲ್ಲಿನ ಬಳೆ ಯಾತಕ್ಕೆ, ಈ ಮೂರು ಬರಹ ಯಾತಕ್ಕೆ ಎಂದು ಕೇಳಿದರಂತೆ. ಹುಡುಗ ತಂಬಿಗೆಯನ್ನೂ ಗಾಳಿಸುವ ಅರಿವೆಯನ್ನೂ ಊರಿನಿಂದಲೇ ಒಯ್ದಿದ್ದ. ಬಳೆಯಲ್ಲಿ ಕೂಡಿಸಿ ತೋರಿಸುತ್ತಿದ್ದ. ಹೇಳಿ ಹೇಳಿ ಗಂಟಲು ಕಟ್ಟಿತು ಎಂದ.

ಈಗ ಸೈಕಲ್ಲು ಮತ್ತೆ ಉಮರ್ಗಾದಲ್ಲಿದೆ, ಅಂಗಡಿಯ ಗಾಜಿನ ಬಾಗಿಲಿನ ಒಳಗೆ. ಮಹಾವೀರ ಜಯಂತಿಯ ಮೆರವಣಿಗೆಯಲ್ಲಿ ಹುಡುಗನೇ ಅದನ್ನು ನಡೆಸಿಕೊಂಡು ಹೋದ. ಆ ದಿನ ಸಂಜೆ ಕಾಕು ನನಗೆ ಬಹಿಯನ್ನು ಮತ್ತೊಮ್ಮೆ ತೋರಿಸಿದರು. ಕಾಕಾನ ಕೊನೆಯ ಬರಹದ ಕೆಳಗೆ, ಮೂವತ್ತು ವರ್ಷಗಳ ಖಾಲಿ ಜಾಗ ಬಿಟ್ಟಂತೆ ಎರಡು ಬೆರಳು ಬಿಟ್ಟು, ಮೊಮ್ಮಗನ ಕೈಬರಹ. ರಿಮ್ಮು, ಟಯರು, ಟ್ಯೂಬು, ಕ್ಯಾನ್ವಾಸ್ ಸೀಟು, ಲಾರಿ ಬಾಡಿಗೆ. ಪುಟ ತಿರುಗಿಸಿದೆ. ಹಿಂದೆ 'ಸ್ವಂತ ಖರ್ಚು' ಎಂಬುದರ ಕೆಳಗೆ ಒಂದೇ ಸಾಲು ಹೊಸದಾಗಿ ಸೇರಿತ್ತು: ಗೊಂಡೆ, ಒಂದು ಜೋಡಿ, 60 ರೂಪಾಯಿ.